ಹನ್ನೊಂದು ವರ್ಷದ ಆಸ್ಪತ್ರೆ ಬಾಕಿ: ಅವರಿಗೆ ಬೇಕಾದದ್ದು ಎರಡು ಸಾವಿರವಲ್ಲ, ನಿಮ್ಮ ಸಹಿ

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕಿನ ಹಳ್ಳಿ. ಮೂರೂವರೆ ಎಕರೆ ಕಬ್ಬು ಇದೆ. 2014ರ ಫೆಬ್ರುವರಿಯಲ್ಲಿ ಅಪ್ಪನಿಗೆ ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಆಯಿತು. ಬಿಲ್ಲು 2,86,000 ರೂಪಾಯಿ. 1,90,000 ಕಟ್ಟಿದೆವು. ಉಳಿದ 96,000ಕ್ಕೆ, ಡಿಸ್ಚಾರ್ಜ್ ಮಾಡುವಾಗ, ಮಾರ್ಚ್ 3ರಂದು "ಆರು ತಿಂಗಳೊಳಗೆ ಕಟ್ಟುತ್ತೇನೆ" ಎಂದು ನನ್ನಿಂದ ಬರೆಸಿಕೊಂಡರು. ಸಿಂಡಿಕೇಟ್ ಬ್ಯಾಂಕಿನ ಖಾಲಿ ಚೆಕ್ಕಿಗೂ ನನ್ನ ಸಹಿ ಹಾಕಿಸಿ ಇಟ್ಟುಕೊಂಡರು. 2016ರ ಜೂನ್ 14ರಂದು 10,000 ಕಟ್ಟಿದ್ದೇ ಕೊನೆ. ಅಪ್ಪ 2019ರಲ್ಲಿ ತೀರಿಕೊಂಡರು. ಈಗ ಎರಡು ತಿಂಗಳಿಂದ ಯಾವುದೋ ವಸೂಲಿ ಏಜೆನ್ಸಿಯ ಇಬ್ಬರು ಫೋನು ಮಾಡುತ್ತಾರೆ, ಮನೆಗೂ ಬರುತ್ತಾರೆ. 3,31,100 ರೂಪಾಯಿ ಆಗಿದೆಯಂತೆ. "ಸದ್ಯಕ್ಕ ಬರೇ ಎರಡ ಸಾವಿರ ಹಾಕ್ರಿ, ಇಲ್ಲೊಂದು ಸಹಿ ಮಾಡ್ರಿ, ಬಡ್ಡಿ ಎಲ್ಲಾ ತೆಗಸ್ತೀವಿ" ಅನ್ನುತ್ತಾರೆ. ಇಲ್ಲವಾದರೆ ಪೊಲೀಸ್ ಕೇಸು, ಸಿಬಿಲ್ ಹಾಳು, ಕಬ್ಬಿನ ಬಿಲ್ಲಿಗೆ ತಡೆ, ಉತಾರದಲ್ಲಿ (ಪಹಣಿಯಲ್ಲಿ) ಬೋಜಾ (ಸಾಲದ ಹೊರೆ) ಅನ್ನುತ್ತಾರೆ. ಅದೇ ಆಪರೇಷನ್‌ಗೆಂದು ಊರಿನ ಪತ್ತಿನ ಸಂಘದಲ್ಲಿ 60,000 ತೆಗೆದಿದ್ದೆ, ಅದರಲ್ಲೂ ಸ್ವಲ್ಪ ಉಳಿದಿದೆ. ನಾನು ಹೊಲಕ್ಕೆ ಹೋದಾಗ ಮನೆಯಲ್ಲಿ ಅವ್ವ ಒಬ್ಬಳೇ ಇರುತ್ತಾಳೆ, ಹೆದರಿದ್ದಾಳೆ. ಏನು ಮಾಡಲಿ? (ಹೆಸರು ಬೇಡ ಎಂದಿದ್ದಾರೆ.)

ಉತ್ತರ: ನೀವು ಕೇಳಿರುವುದೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ಕೊಡದಿದ್ದರೆ ಇವರು ಏನು ಮಾಡಿಯಾರು? ನೀವು ಬರೆದಿರುವ ತಾರೀಖುಗಳು ಸರಿಯಾಗಿದ್ದರೆ, ಹೊಸದಾಗಿ ನೀವು ಯಾವುದಕ್ಕೂ ಸಹಿ ಹಾಕದಿದ್ದರೆ, ಹೆಚ್ಚೇನೂ ಮಾಡಲಾರರು. ಅದು ಅವರಿಗೂ ಗೊತ್ತು. ಮೂರು ಲಕ್ಷದ ಬಾಕಿ ಎನ್ನುವವರು ಎರಡು ಸಾವಿರಕ್ಕೆ ಒಪ್ಪುವುದು ಯಾಕೆಂದು ಯೋಚಿಸಿ. ದುಡ್ಡು ನೆಪ. ಬೇಕಾಗಿರುವುದು ಆ ಕಾಗದ.

ಮೊದಲು ತಾರೀಖಿನ ಲೆಕ್ಕ. 1963ರ ಲಿಮಿಟೇಷನ್ (ಕಾಲಮಿತಿ) ಕಾಯ್ದೆಯ ಪ್ರಕಾರ ಇಂಥ ಹಣಕ್ಕೆ ದಾವೆ ಹೂಡಲು ಮೂರು ವರ್ಷ ಅವಕಾಶ. ಆರು ತಿಂಗಳ ವಾಯಿದೆ ಮುಗಿದದ್ದು 2014ರ ಸೆಪ್ಟೆಂಬರ್ 3ಕ್ಕೆ. ಅಲ್ಲಿಂದ ಮೂರು ವರ್ಷ ಅಂದರೆ 2017ರ ಸೆಪ್ಟೆಂಬರ್ 3. ಆದರೆ ನಡುವೆ, 2016ರ ಜೂನ್ 14ಕ್ಕೆ, ನೀವು 10,000 ಕಟ್ಟಿದ್ದೀರಿ. ಅವಧಿ ಮುಗಿಯುವ ಮುಂಚೆ ಒಂದಿಷ್ಟು ಹಣ ಕಟ್ಟಿದರೆ ಕಾಯ್ದೆಯ 19ನೇ ಕಲಂ ಮೂರು ವರ್ಷವನ್ನು ಆ ದಿನದಿಂದ ಹೊಸದಾಗಿ ಎಣಿಸಲು ಬಿಡುತ್ತದೆ. ಅದಕ್ಕೂ ಒಂದು ಷರತ್ತು ಇದೆ. ಕಟ್ಟಿದ ಬಗ್ಗೆ ಕಟ್ಟಿದವರ ಕೈಬರಹವೋ ಸಹಿಯೋ ಇರಬೇಕು. ಕೌಂಟರಿನ ಕ್ಯಾಷಿಯರ್ ಸಹಿ ಹಾಕಿ ಹರಿದುಕೊಟ್ಟ ರಸೀದಿ ನಿಮ್ಮ ಬರಹವಲ್ಲ. ಆಸ್ಪತ್ರೆಯ ಲೆಡ್ಜರಿನಲ್ಲಿ ಅಥವಾ ನೀವು ಬರೆದುಕೊಟ್ಟ ಕಾಗದದ ಬೆನ್ನಿಗೆ "ಈ ದಿನ 10,000 ಕೊಟ್ಟಿದ್ದೇನೆ" ಎಂದು ಸಹಿ ಹಾಕಿದ್ದರೆ ಮಾತು ಬೇರೆ. ಹಾಗೆ ಹಾಕಿದ್ದೀರಿ ಎಂದೇ ಇಟ್ಟುಕೊಳ್ಳೋಣ. ಆಗಲೂ ಗಡುವು 2019ರ ಜೂನ್ 14ಕ್ಕೆ ಮುಗಿಯಿತು.

ಇಲ್ಲಿ ವಸೂಲಿಯವರು ಕೋವಿಡ್ ಮಾತು ಎತ್ತಬಹುದು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಕಾಲವನ್ನು ಲಿಮಿಟೇಷನ್ ಎಣಿಕೆಯಿಂದ ಬಿಟ್ಟಿದ್ದು ನಿಜ. ಆದರೆ ಅದು 2020ರ ಮಾರ್ಚ್ 15ಕ್ಕೆ ಇನ್ನೂ ಜೀವ ಇದ್ದ ಬಾಕಿಗೆ. ನಿಮ್ಮದು ಅದಕ್ಕೂ ಒಂಬತ್ತು ತಿಂಗಳ ಹಿಂದೆಯೇ ಮುಗಿದಿತ್ತು. ಇದನ್ನು ಓದುತ್ತಿರುವ ಬೇರೆಯವರು ಮಾತ್ರ ತಮ್ಮ ತಾರೀಖನ್ನು ಜೋಪಾನವಾಗಿ ನೋಡಿಕೊಳ್ಳಿ. ಕೊನೆಯ ಸಹಿ 2020ರ ಜನವರಿ 10ರದ್ದಾಗಿದ್ದರೆ, ಬಿಟ್ಟುಹೋದ ಆ 716 ದಿನ ಸೇರಿ ಗಡುವು 2024ರ ಡಿಸೆಂಬರ್ ಕೊನೆಯ ವಾರದವರೆಗೆ ಎಳೆಯುತ್ತದೆ.

ಹಾಗಾದರೆ ಬಾಕಿ ಸುಟ್ಟುಹೋಯಿತೇ? ಇಲ್ಲ. ಊರಕಟ್ಟೆಯಲ್ಲಿ ಹೇಳುವಂತೆ "ಮೂರು ವರ್ಷ ಆದ್ರ ಸಾಲ ಮಾಫಿ" ಅನ್ನುವುದು ತಪ್ಪು. ಅವಧಿ ಮೀರಿದಾಗ ಹೋಗುವುದು ಕೋರ್ಟಿನ ಮೂಲಕ ವಸೂಲು ಮಾಡುವ ದಾರಿ. ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ಮರ್ಯಾದೆಯಿಂದ ಕೇಳುವುದಕ್ಕೆ ಅಡ್ಡಿಯಿಲ್ಲ. ನೀವಾಗಿ ಕೊಟ್ಟರೆ "ಅವಧಿ ಮೀರಿತ್ತು, ವಾಪಸ್ ಕೊಡಿ" ಎಂದು ಆಮೇಲೆ ಕೇಳಲಿಕ್ಕೂ ಬರುವುದಿಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು ಮಾತೂ ಇದೆ: ಒಂದು ರೂಪಾಯಿ ಕಟ್ಟಿದರೂ ಸತ್ತ ಸಾಲ ಏಳುತ್ತದೆ ಅಂತ. ನಮ್ಮ ಕಾಯ್ದೆಯಲ್ಲಿ ಅವಧಿ ಮುಗಿದ ಮೇಲೆ ಕಟ್ಟಿದ ಹಣಕ್ಕೆ, ಬರೀ ಅಷ್ಟಕ್ಕೆ, ಆ ಶಕ್ತಿ ಇಲ್ಲ. "ಬಾಕಿ ಇರುವುದು ಹೌದು" ಎಂಬ ಬರೀ ಒಪ್ಪಿಗೆಗೂ ಇಲ್ಲ, ಅದು ಅವಧಿಯೊಳಗೆ ಆಗಿರಬೇಕಿತ್ತು.

ಸತ್ತದ್ದನ್ನು ಎಬ್ಬಿಸುವ ಮಂತ್ರ ಬೇರೆ ಕಡೆ ಇದೆ. 1872ರ ಕರಾರು ಕಾಯ್ದೆಯ 25ನೇ ಕಲಮಿನ ಮೂರನೇ ಉಪಕಲಂ. ಅವಧಿ ಮೀರಿದ ಸಾಲವನ್ನು "ಕೊಡುತ್ತೇನೆ" ಎಂದು ಬರವಣಿಗೆಯಲ್ಲಿ, ಸಹಿ ಹಾಕಿ ಮಾತು ಕೊಟ್ಟರೆ ಅದು ಹೊಸ ಕರಾರು. ಅಲ್ಲಿಂದ ಮತ್ತೆ ಮೂರು ವರ್ಷ.

ಈಗ ಅವರು ತರುವ ಕಾಗದವನ್ನು ನೋಡೋಣ. ಇಂಥವು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೇಲೆ "ಸೆಟ್ಲ್‌ಮೆಂಟ್ ಪತ್ರ" ಅಥವಾ "ರಿಯಾಯಿತಿ ಕೋರಿಕೆ" ಎಂಬ ತಲೆಬರಹ. ಮೊದಲ ಸಾಲಿನಲ್ಲೇ "ಈ ಕೆಳಗೆ ಸಹಿ ಮಾಡಿರುವ ನಾನು ರೂ. 3,31,100 ಬಾಕಿ ಇರುವುದನ್ನು ಒಪ್ಪಿ…" ಎಂದು ಇರುತ್ತದೆ. ನಡುವೆ "ಈ ದಿನ ರೂ. 2,000 ಪಾವತಿಸಿ, ಉಳಿಕೆ ಹಣವನ್ನು ಕಂತುಗಳಲ್ಲಿ ತೀರಿಸಲು ಬದ್ಧನಾಗಿರುತ್ತೇನೆ". ಬಡ್ಡಿ ತೆಗೆಯುತ್ತೇವೆ ಎಂದು ಬಾಯಲ್ಲಿ ಹೇಳಿದ್ದು ಕಾಗದದಲ್ಲಿ ಇರುವುದಿಲ್ಲ. ಇದ್ದರೂ "ಒಂದು ಕಂತು ತಪ್ಪಿದರೆ ರಿಯಾಯಿತಿ ರದ್ದು" ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿರುತ್ತಾರೆ. "ಬದ್ಧನಾಗಿರುತ್ತೇನೆ" ಎಂಬ ಆ ಒಂದು ಪದಕ್ಕೆ ನಿಮ್ಮ ಸಹಿ ಬಿತ್ತೆಂದರೆ 86,000ದ ಸತ್ತ ಬಾಕಿ 3,31,100ರ ಹೊಸ ಸಾಲವಾಗಿ ಎದ್ದು ಕೂರುತ್ತದೆ. ಬಡ್ಡಿ ಯಾವ ದರದ್ದು ಎಂಬ ತಕರಾರು ಎತ್ತುವ ದಾರಿಯನ್ನೂ ನೀವೇ ಕಿರಿದು ಮಾಡಿಕೊಂಡಂತೆ.

ಆ ಬಡ್ಡಿಯನ್ನೂ ಒಮ್ಮೆ ಬಿಡಿಸಿ ನೋಡಿ. 96,000ದಲ್ಲಿ 10,000 ಕಳೆದರೆ 86,000. ಕೇಳುತ್ತಿರುವ ಮೊತ್ತದಲ್ಲಿ ಅದನ್ನು ತೆಗೆದರೆ 2,45,100 ಉಳಿಯುತ್ತದೆ. ಜೂನ್ 2016ರಿಂದ ಡಿಸೆಂಬರ್ 2025ರವರೆಗೆ 114 ತಿಂಗಳು. ಭಾಗಿಸಿದರೆ ತಿಂಗಳಿಗೆ ಸರಿಯಾಗಿ 2,150 ರೂಪಾಯಿ, ಅಂದರೆ ನೂರಕ್ಕೆ ಎರಡೂವರೆ, ವರ್ಷಕ್ಕೆ 30. ಆಸ್ಪತ್ರೆಗೆ ನೀವು ಬರೆದುಕೊಟ್ಟ ಕಾಗದದಲ್ಲಿ ಬಡ್ಡಿಯ ಮಾತೇ ಇದ್ದಂತಿಲ್ಲ. ಈ ದರ ಆಸ್ಪತ್ರೆಯ ಲೆಕ್ಕದ್ದಲ್ಲ, ಬಡ್ಡಿ ವ್ಯಾಪಾರದವರದ್ದು. ಲೇವಾದೇವಿಗೆ ಲೈಸೆನ್ಸ್ ಪಡೆದವರೂ ಕರ್ನಾಟಕದಲ್ಲಿ ಆಧಾರವಿಲ್ಲದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 16ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆ ನಿಯಮ ಆಸ್ಪತ್ರೆ ಬಿಲ್ಲಿಗೆ ನೇರವಾಗಿ ತಗಲುವುದಿಲ್ಲ, ಆದರೆ 30 ಎಷ್ಟು ದೂರದ ಅಂಕಿ ಎಂಬುದು ಇದರಿಂದ ಗೊತ್ತಾಗುತ್ತದೆ.

ಸಹಿ ಎಂದರೆ ಪೆನ್ನಿನ ಸಹಿ ಮಾತ್ರ ಎಂದುಕೊಳ್ಳಬೇಡಿ. ಅವಧಿಯೊಳಗಿನ ಸಾಲದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ಇ–ಮೇಲ್‌ನಲ್ಲಿ ಕೊಟ್ಟ ಒಪ್ಪಿಗೆಯನ್ನೂ ಮಾನ್ಯ ಮಾಡಿದೆ. ಹಾಗಾಗಿ ವಾಟ್ಸಾಪಿನಲ್ಲಿ "ಆಯ್ತು ಸರ್, ಕಬ್ಬಿನ ಬಿಲ್ ಬಂದ ಮೇಲೆ ಕೊಡ್ತೀನಿ" ಎಂದು ಕಳಿಸಿ ಸಾಗಹಾಕುವ ಅಭ್ಯಾಸ ಬಿಡಿ. ಯುಪಿಐನಲ್ಲಿ ಎರಡು ಸಾವಿರ ಹಾಕಿ ಟಿಪ್ಪಣಿಯಲ್ಲಿ "ಮೊದಲ ಕಂತು" ಎಂದು ಬರೆಯುವುದೂ ಅದೇ ಜಾತಿಯದು. ಹಣವೊಂದರಿಂದಲೇ ಸಾಲ ಏಳದಿದ್ದರೂ, ನಾಳೆ ಅವರು ಹಳೆಯ ತಾರೀಖಿನ ಇನ್ನಾವುದೋ ಕಾಗದ ತೋರಿಸಿದಾಗ "ಸಾಲ ಒಪ್ಪಿದ್ದರಿಂದಲೇ ಕಟ್ಟಿದ್ದಾರೆ" ಎಂಬ ಮಾತಿಗೆ ಅದು ಆಸರೆಯಾಗುತ್ತದೆ.

ಇಷ್ಟು ಹೇಳಿದ ಮೇಲೂ ಒಂದನ್ನು ನೀವು ಪರೀಕ್ಷಿಸಲೇಬೇಕು, ಅದೂ ಈ ವಾರವೇ. ಆಸ್ಪತ್ರೆಯವರು 2017–19ರ ಹೊತ್ತಿಗೆ ಬೆಳಗಾವಿ ಅಥವಾ ಜಮಖಂಡಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ, ಸಮನ್ಸು ನಿಮಗೆ ಮುಟ್ಟದೆ, ಏಕಪಕ್ಷೀಯವಾಗಿ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು) ಪಡೆದಿದ್ದರೆ ಮೇಲಿನ ಲೆಕ್ಕವೆಲ್ಲ ಬಿದ್ದುಹೋಗುತ್ತದೆ. ಡಿಕ್ರಿ ಜಾರಿಗೆ ಹನ್ನೆರಡು ವರ್ಷ ಅವಕಾಶ. ಇ–ಕೋರ್ಟ್ಸ್ ಆ್ಯಪಿನಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆಯ್ದು, ಪಕ್ಷಕಾರರ ಹೆಸರಿನಲ್ಲಿ ನಿಮ್ಮ ಹೆಸರು ಹಾಕಿ, 2014ರಿಂದ ಒಂದೊಂದೇ ವರ್ಷ ಹುಡುಕಿ. ಇತ್ಯರ್ಥವಾದ ಪ್ರಕರಣಗಳ ವಿಭಾಗವನ್ನೂ ತೆರೆಯಿರಿ. ಇನ್ನೂ ನಡೆಯುತ್ತಿರುವ ಪ್ರಕರಣ ಮಾತ್ರ ನೋಡಿ "ಏನೂ ಇಲ್ಲ" ಎಂದುಕೊಳ್ಳುವವರೇ ಹೆಚ್ಚು. ಇಂಗ್ಲಿಷಿನಲ್ಲಿ ಹೆಸರಿನ ಕಾಗುಣಿತ ನಾಲ್ಕು ಥರ ಬದಲಾಯಿಸಿ ನೋಡಿ, ಅಪ್ಪನ ಹೆಸರನ್ನೂ ಹಾಕಿ. ಬೆಳಗಾವಿ ಮತ್ತು ಬಾಗಲಕೋಟೆ ಎರಡೂ ಜಿಲ್ಲೆಗಳಲ್ಲಿ ಹುಡುಕಬೇಕು, ಯಾಕೆಂದರೆ ದಾವೆಯನ್ನು ನೀವು ಇರುವಲ್ಲಿಯೂ ಹಾಕಬಹುದು, ವ್ಯವಹಾರ ನಡೆದಲ್ಲಿಯೂ ಹಾಕಬಹುದು. ಡಿಕ್ರಿ ಸಿಕ್ಕರೆ ಮುಂದಿನದನ್ನು ಓದಿ ಸಮಯ ಕಳೆಯಬೇಡಿ, ನೇರ ವಕೀಲರ ಹತ್ತಿರ ಹೋಗಿ, ಏಕಪಕ್ಷೀಯ ಡಿಕ್ರಿ ರದ್ದುಪಡಿಸುವ ಅರ್ಜಿಗೆ ವಿಷಯ ತಿಳಿದ ದಿನದಿಂದ ಮೂವತ್ತು ದಿನವಷ್ಟೇ ಇರುತ್ತದೆ.

ಬೆದರಿಕೆಗಳ ಮಾತಿಗೆ ಬರೋಣ. ಬಾಕಿ ಕೊಡದಿರುವುದು ಅಪರಾಧವಲ್ಲ, ಪೊಲೀಸರು ಇದಕ್ಕೆ ಹಿಡಿದುಕೊಂಡು ಹೋಗುವಂತಿಲ್ಲ. ಸಿಬಿಲ್ ಮಾತು ಪೊಳ್ಳು. ಬ್ಯಾಂಕು, ಫೈನಾನ್ಸ್ ಕಂಪನಿಗಳಂಥ ಸಾಲ ಸಂಸ್ಥೆಗಳ ಲೆಕ್ಕ ಅಲ್ಲಿಗೆ ಹೋಗುತ್ತದೆ, ಆಸ್ಪತ್ರೆ ಬಿಲ್ಲಿನ ಬಾಕಿ ಹೋಗುವುದಿಲ್ಲ. ಅನುಮಾನವಿದ್ದರೆ ವರ್ಷಕ್ಕೊಮ್ಮೆ ಸಿಗುವ ಉಚಿತ ವರದಿ ತೆಗೆದು ನೋಡಿ.

ಕಬ್ಬಿನ ಬಿಲ್ಲಿಗೆ ತಡೆ ಹಾಕಲು ಏಜೆನ್ಸಿಯ ಪತ್ರ ಸಾಲದು. ಕೋರ್ಟಿನ ಜಪ್ತಿ ಆದೇಶ ಬೇಕು, ಅಥವಾ "ನನ್ನ ಬಿಲ್ಲಿನಲ್ಲಿ ಕಡಿತ ಮಾಡಿಕೊಳ್ಳಿ" ಎಂದು ನೀವೇ ಬರೆದುಕೊಟ್ಟ ಒಪ್ಪಿಗೆ ಇರಬೇಕು. ಎರಡನೆಯದು ಆಸ್ಪತ್ರೆಗೆ ಕೊಟ್ಟಿರಲಾರಿರಿ. ಪತ್ತಿನ ಸಂಘಕ್ಕೆ ಕೊಟ್ಟಿದ್ದೀರಾ ನೆನಪಿಸಿಕೊಳ್ಳಿ. ಉತಾರದ 11ನೇ ಕಾಲಮಿನಲ್ಲಿ ಬೋಜಾ ಏರಿಸಲು ಅಡಮಾನದ ದಾಖಲೆಯೋ ಆದೇಶವೋ ಬೇಕು, ಬೈಕಿನಲ್ಲಿ ಬಂದ ಇಬ್ಬರು ನಾಡಕಚೇರಿಗೆ ಹೋಗಿ ಹಾಕಿಸುವಂಥದ್ದಲ್ಲ ಅದು. ಇವತ್ತೇ ಒಂದು ಉತಾರ ತೆಗೆಸಿ ಇಟ್ಟುಕೊಳ್ಳಿ. ಮನೆಯ ಬಗ್ಗೆ ಅವ್ವನಿಗೆ ಹೀಗೆ ಹೇಳಿ: ಕಾಗದಕ್ಕೆ ಸಹಿ ಹಾಕಿದ್ದು ನೀವು, ಅವ್ವ ಅಲ್ಲ, ಆಕೆ ಈ ಬಾಕಿಗೆ ಹೊಣೆಯಲ್ಲ. ನಾಳೆ ಡಿಕ್ರಿಯೇ ಆದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕೃಷಿಕರು ವಾಸವಿರುವ ಮನೆ, ಎತ್ತು, ಬೇಸಾಯದ ಸಲಕರಣೆಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಹಣದ ಡಿಕ್ರಿಗಾಗಿ ಹೆಣ್ಣುಮಕ್ಕಳನ್ನು ಬಂಧಿಸಲಿಕ್ಕಂತೂ ಬರುವುದೇ ಇಲ್ಲ.

ಕಾಗದಕ್ಕೆ ಅಪ್ಪ ಸಹಿ ಹಾಕಿದ್ದರೆ ಏನಾಗುತ್ತಿತ್ತು ಎಂದು ಕೇಳುವವರಿದ್ದಾರೆ. ಆಗ ವಾರಸುದಾರರ ಹೊಣೆ ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಅಡ್ಮಿಷನ್ ಫಾರಂನಲ್ಲಿ "ಜವಾಬ್ದಾರಿ ವಹಿಸುವವರು" ಎಂಬ ಕಡೆ ಮಗನೋ ಅಳಿಯನೋ ಓದದೆ ಹಾಕುವ ಸಹಿಯೇ ಆಮೇಲೆ ಸ್ವಂತ ಕರಾರಾಗಿ ಬೆನ್ನು ಹತ್ತುವುದು.

ಚೆಕ್ಕಿನ ವಿಷಯದಲ್ಲಿ ನಿಮ್ಮ ಅದೃಷ್ಟ ದೊಡ್ಡದು. ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿನಲ್ಲಿ ಬೇರೆಯವರು ತಾರೀಖು, ಮೊತ್ತ ತುಂಬಿದರೂ ಅದು ಸಾಲಕ್ಕೇ ಕೊಟ್ಟದ್ದು ಎಂದು ಕಾನೂನು ಮೊದಲಿಗೆ ಊಹಿಸುತ್ತದೆ, ಅಲ್ಲವೆಂದು ತೋರಿಸುವ ಭಾರ ಸಹಿ ಹಾಕಿದವರದ್ದು. ಚೆಕ್ ಬೌನ್ಸ್ ಕೇಸಿನಲ್ಲಿ ಜನ ಸೋಲುವುದು ಹೆಚ್ಚಾಗಿ ಇಲ್ಲೇ. ಆದರೆ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಅದರ ಹಳೆಯ ಚೆಕ್ಕುಗಳು 2021ರ ಜೂನ್ 30ರವರೆಗೆ ಮಾತ್ರ ಚಲಾವಣೆಯಲ್ಲಿದ್ದವು. ಈಗ ಅದನ್ನು ಹಾಕಿದರೆ ಬ್ಯಾಂಕು ಮಾನ್ಯವಲ್ಲದ ಚೆಕ್ಕೆಂದು ಹಿಂದಿರುಗಿಸುತ್ತದೆ, ಹಣ ಸಾಲದ್ದಕ್ಕಲ್ಲ. ಚೆಕ್ ಬೌನ್ಸ್‌ಗೆ ಶಿಕ್ಷೆ ಹೇಳುವ 138ನೇ ಕಲಂ ಅದಕ್ಕೆ ತಗಲದು ಎಂಬ ವಾದ ಗಟ್ಟಿಯಾದದ್ದು. ಆದರೂ ಶಾಖೆಗೆ ಹೋಗಿ ಆ ಚೆಕ್ ನಂಬರಿಗೆ ಪಾವತಿ ತಡೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಬೌನ್ಸ್ ಆಗಿದೆ, ಹದಿನೈದು ದಿನದಲ್ಲಿ ಕಟ್ಟಿ ಎಂದು ವಕೀಲರ ನೋಟಿಸು ಬಂದರೆ ಆ ಹದಿನೈದು ದಿನದೊಳಗೆ ಉತ್ತರ ಹೋಗಲೇಬೇಕು. ಮತ್ತೆ, ಹೊಸ ಚೆಕ್ ಕೇಳಿದರೆ ಯಾವ ಕಾರಣಕ್ಕೂ ಕೊಡಬೇಡಿ. ಸಹಿ ಇರುವ ಚೆಕ್ಕೇ "ಕೊಡುತ್ತೇನೆ" ಎಂಬ ಲಿಖಿತ ಮಾತು ಎಂದು ವಾದ ಮಾಡಲು ಬರುತ್ತದೆ.

ಈಗ ಈ ಇಬ್ಬರು ಯಾರು ಎಂಬ ಪ್ರಶ್ನೆ. ಆಸ್ಪತ್ರೆ ತನ್ನ ಬಾಕಿಯನ್ನು ಬೇರೆಯವರಿಗೆ ಬರೆದುಕೊಡಬಹುದು, ಅಥವಾ ತನ್ನ ಪರವಾಗಿ ವಸೂಲಿಗೆ ನೇಮಿಸಬಹುದು. ಎರಡಕ್ಕೂ ಕಾಗದ ಬೇಕು. ಬರೆದುಕೊಟ್ಟಿದ್ದರೆ ವರ್ಗಾವಣೆ ಪತ್ರ, ನೇಮಿಸಿದ್ದರೆ ಆಸ್ಪತ್ರೆಯ ಲೆಟರ್‌ಹೆಡ್ಡಿನ ಅಧಿಕಾರ ಪತ್ರ. ಮೂರನೆಯ ಸಾಧ್ಯತೆಯೂ ಇದೆ: ಹಳೆಯ ಬಾಕಿದಾರರ ಪಟ್ಟಿ ಹೇಗೋ ಕೈಗೆ ಸಿಕ್ಕವರು ಯಾರಿಗೂ ಸಂಬಂಧವಿಲ್ಲದೆ ಬಂದಿರಬಹುದು. ಅವರಿಗೆ ಕೊಟ್ಟ ಹಣ ಆಸ್ಪತ್ರೆಯ ಪುಸ್ತಕದಲ್ಲಿ ಜಮಾ ಆಗುವುದೇ ಇಲ್ಲ.

ಬೆಳಿಗ್ಗೆ ಎಂಟರಿಂದ ಸಂಜೆ ಏಳರೊಳಗೆ ಮಾತ್ರ ಫೋನು ಮಾಡಬೇಕೆಂಬ ಆರ್‌ಬಿಐ ನಿಯಮವನ್ನು ಹಲವರು ಇಲ್ಲಿ ಉಲ್ಲೇಖಿಸುತ್ತಾರೆ. ಅದು ಬ್ಯಾಂಕು, ಫೈನಾನ್ಸ್ ಕಂಪನಿಗಳ ಏಜೆಂಟರಿಗೆ. ಆಸ್ಪತ್ರೆಯ ಏಜೆಂಟರ ಮೇಲೆ ಆರ್‌ಬಿಐಗೆ ದೂರು ಕೊಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ. 2025ರಲ್ಲಿ ರಾಜ್ಯ ತಂದ ಕಿರುಸಾಲ, ಸಣ್ಣ ಸಾಲದ ಬಲವಂತ ವಸೂಲಿ ತಡೆ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ ಇದೆ, ಆದರೆ ಅದೂ ಸಾಲ ಕೊಡುವವರ ಮೇಲಿನದು. ನಿಮಗೆ ನೇರವಾಗಿ ಉಪಯೋಗಕ್ಕೆ ಬರುವುದು ಸಾಮಾನ್ಯ ದಂಡ ಕಾನೂನೇ: ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಬೆದರಿಕೆಗೆ, 329 ಅತಿಕ್ರಮವಾಗಿ ಮನೆ ಹೊಗುವುದಕ್ಕೆ. ಬಂದ ದಿನ, ಹೊತ್ತು, ಬೈಕ್ ನಂಬರು, ಆಡಿದ ಮಾತು ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಫೋನಿನ ಮಾತು ರೆಕಾರ್ಡ್ ಮಾಡಿ. ಮನೆ ಮುಂದೆ ಗಲಾಟೆ ಆದರೆ 112. "ತೊಂದರೆ ಕೊಡುತ್ತಿದ್ದಾರೆ" ಎಂಬ ದೂರಿಗಿಂತ "ಇಂಥ ದಿನ ಸಂಜೆ ಏಳೂವರೆಗೆ ಬಾಗಿಲು ದಾಟಿ ಒಳಗೆ ಬಂದು ಹೀಗೆ ಹೇಳಿದರು" ಎಂಬ ದೂರು ಠಾಣೆಯಲ್ಲಿ ಮುಂದಕ್ಕೆ ಹೋಗುತ್ತದೆ.

ಮಾಡಬೇಕಾದ ಮೊದಲ ಕೆಲಸ ಒಂದು ಪತ್ರ. ಏಜೆನ್ಸಿಗೆ, ಅದರದೇ ಒಂದು ಪ್ರತಿ ಆಸ್ಪತ್ರೆಯ ಅಕೌಂಟ್ಸ್ ವಿಭಾಗಕ್ಕೆ. ಹೆಚ್ಚು ಬರೆಯಬೇಡಿ. ಇಷ್ಟು ಸಾಕು:

"ನೀವು ಫೋನಿನಲ್ಲಿಯೂ ಮನೆಗೆ ಬಂದೂ ಕೇಳುತ್ತಿರುವ ರೂ. 3,31,100ರ ಬಾಕಿಯನ್ನು ನಾನು ಒಪ್ಪುವುದಿಲ್ಲ. ಅದನ್ನು ಕೇಳಲು ನಿಮಗಿರುವ ಅಧಿಕಾರ ಪತ್ರ ಅಥವಾ ವರ್ಗಾವಣೆ ಪತ್ರ, ಬಾಬ್ತುವಾರು ಬಿಲ್ಲು, ಪಾವತಿ ವಿವರ, ಬಡ್ಡಿಗೆ ಆಧಾರವಾದ ಕಾಗದ ಇವುಗಳ ಪ್ರತಿ ಕಳಿಸಿ. ನೀವು ಹೇಳುವ ಬಾಕಿ ಇದ್ದದ್ದೇ ಆದರೂ ಅದರ ಕಾಲಮಿತಿ ಮೀರಿದೆ. ಈ ಪತ್ರವನ್ನು ಯಾವುದೇ ಸಾಲದ ಒಪ್ಪಿಗೆ ಅಥವಾ ಪಾವತಿಯ ಭರವಸೆ ಎಂದು ತಿಳಿಯಬಾರದು. ಇನ್ನು ಮುಂದೆ ಏನಿದ್ದರೂ ಬರವಣಿಗೆಯಲ್ಲಿ ತಿಳಿಸಿ, ಮನೆಗೆ ಬರಬೇಡಿ."

"ನನ್ನ ಬಾಕಿ", "ಸದ್ಯ ಕಷ್ಟವಿದೆ", "ಸ್ವಲ್ಪ ಕಾಲಾವಕಾಶ ಕೊಡಿ" ಇಂಥ ಮಾತು ಒಂದೂ ಬೇಡ. ಕೊನೆಯದಂತೂ ಹಳ್ಳಿಯ ಸೌಜನ್ಯಕ್ಕೆ ಕೈಯಿಂದ ತಾನಾಗಿ ಬಂದುಬಿಡುತ್ತದೆ, ಅದನ್ನು ತಡೆಯಿರಿ. ಹಳೆಯ ರಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ, ಹಾಗಾಗಿ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ತಲುಪಿದ್ದಕ್ಕೆ ಸ್ವೀಕೃತಿಯೂ ಬೇಕೆಂದು ಹೇಳಿ. ರಸೀದಿಯ ಶಾಯಿ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಬಾಬ್ತುವಾರು ಬಿಲ್ಲು ಕೇಳುವುದಕ್ಕೆ ಕಾರಣವಿದೆ. ವೈದ್ಯಕೀಯ ದಾಖಲೆಗಳನ್ನು ಇಟ್ಟುಕೊಳ್ಳಬೇಕಾದ ಕನಿಷ್ಠ ಅವಧಿಯೇ ಮೂರು ವರ್ಷ. 2014ರ ಕಡತ ಆಸ್ಪತ್ರೆಯಲ್ಲಿ ಉಳಿದಿರುವ ಸಂಭವ ಕಡಿಮೆ. ಕಡತವಿಲ್ಲದೆ 96,000 ಎಂಬ ಅಂಕಿಗೆ ಆಧಾರ ತೋರಿಸುವುದು ಅವರಿಗೆ ಕಷ್ಟ. ಇನ್ನೊಂದು, ಆಗ ನಿಮ್ಮ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತೇ? ಇದ್ದರೆ ವಾಜಪೇಯಿ ಆರೋಗ್ಯಶ್ರೀಯಲ್ಲಿ ಹೃದಯದ ಆಪರೇಷನ್ ಸೇರಿತ್ತು. ಆ ಯೋಜನೆಯಡಿ ದಾಖಲಾಗಿದ್ದ ರೋಗಿಯಿಂದ ಅದೇ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವಂತಿರಲಿಲ್ಲ. ಹಳೆಯ ಡಿಸ್ಚಾರ್ಜ್ ಸಮ್ಮರಿಯ ಮೇಲೆ ಯೋಜನೆಯ ಮುದ್ರೆ ಏನಾದರೂ ಇದೆಯೇ ನೋಡಿ.

ಪತ್ರ ಹೋದ ಮೇಲೆ ಸುಮ್ಮನಿರುವುದು ಒಂದು ದಾರಿ. ಕಾನೂನಿನ ದೃಷ್ಟಿಯಿಂದ ನಿಮಗೆ ಇದೇ ಸಾಕು. ಅಪಾಯ ಇಷ್ಟೇ: ಫೋನು ಇನ್ನೂ ಕೆಲವು ತಿಂಗಳು ಬರಬಹುದು, ಲಾಯರ್ ನೋಟಿಸ್ ಬರಬಹುದು. ಲಾಯರ್ ನೋಟಿಸ್ ಕೋರ್ಟಿನ ಆದೇಶವಲ್ಲ, ಆದರೆ ಉತ್ತರಿಸಿ ಇಡುವುದು ಒಳ್ಳೆಯದು. ಲೋಕ ಅದಾಲತ್ ನೋಟಿಸೂ ಬರಬಹುದು. ದಾವೆಗೆ ಮುಂಚಿನ ಲೋಕ ಅದಾಲತ್ತಿಗೆ ಹೋಗದಿದ್ದರೆ ದಂಡವಿಲ್ಲ, ನಿಮ್ಮ ಒಪ್ಪಿಗೆ ಇಲ್ಲದೆ ಅಲ್ಲಿ ಏನೂ ಆಗುವುದಿಲ್ಲ. ಹೋಗಿ ರಾಜಿಗೆ ಸಹಿ ಹಾಕಿದರೆ ಮಾತ್ರ ಅದು ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ಖಾಯಂ ಲೋಕ ಅದಾಲತ್ ಇದಕ್ಕಿಂತ ಬೇರೆ, ಆಸ್ಪತ್ರೆ ಸೇವೆಯ ವ್ಯಾಜ್ಯದಲ್ಲಿ ರಾಜಿ ಆಗದಿದ್ದರೂ ತೀರ್ಪು ಕೊಡುವ ಅಧಿಕಾರ ಅದಕ್ಕಿದೆ. ನೋಟಿಸಿನ ತಲೆಬರಹದಲ್ಲಿ "ಖಾಯಂ" ಎಂದಿದ್ದರೆ ಕಡೆಗಣಿಸಬೇಡಿ.

ಇನ್ನೊಂದು ದಾರಿ, ಕೊಟ್ಟು ಮುಗಿಸುವುದು. ಅಪ್ಪ ಆಪರೇಷನ್ ಆದ ಮೇಲೆ ಐದು ವರ್ಷ ಬದುಕಿದರು, ಋಣ ಇಟ್ಟುಕೊಳ್ಳಬಾರದು ಎಂದು ನಿಮಗೆ ಅನ್ನಿಸಿದರೆ ಅದು ನಿಮ್ಮ ಇಷ್ಟ, ಕಾನೂನು ಅಡ್ಡ ಬರುವುದಿಲ್ಲ. ಆದರೆ ಏಜೆನ್ಸಿಯ ಜೊತೆ ಮಾತು ಬೇಡ, ಆಸ್ಪತ್ರೆಯ ಜೊತೆ ಮಾಡಿ. ಚೌಕಾಶಿ 86,000ದಿಂದ ಕೆಳಗೆ ಶುರುವಾಗಲಿ, 3,31,100ರಿಂದ ಅಲ್ಲ. ಕೋರ್ಟಿನಲ್ಲಿ ವಸೂಲಾಗದ ಹಣ ಅರ್ಧ ಬಂದರೂ ಅವರಿಗೆ ಲಾಭವೇ. ಒಪ್ಪಿದ ಮೊತ್ತಕ್ಕೆ "ಇಷ್ಟು ಪಡೆದು ಸಂಪೂರ್ಣ ಚುಕ್ತಾ, ಮುಂದೆ ಯಾವ ಬಾಕಿಯೂ ಇಲ್ಲ" ಎಂಬ ಪತ್ರ ಮೊದಲು ಅವರಿಂದ ಬರಲಿ, ಲೆಟರ್‌ಹೆಡ್ಡಿನಲ್ಲಿ, ಅಧಿಕಾರ ಇರುವವರ ಸಹಿಯೊಂದಿಗೆ. ಆಮೇಲೆ ಆಸ್ಪತ್ರೆಯ ಖಾತೆಗೇ ನೆಫ್ಟ್ ಅಥವಾ ಡಿಡಿ. ಅದೇ ದಿನ ನೀವು ಬರೆದುಕೊಟ್ಟ ಮೂಲ ಕಾಗದ ಮತ್ತು ಆ ಚೆಕ್ ವಾಪಸ್. "ಸಿಕ್ಕಿಲ್ಲ, ಹುಡುಕಿ ಕಳಿಸ್ತೀವಿ" ಎಂದರೆ ಕಳೆದುಹೋಗಿದೆ ಎಂದು ಬರೆದುಕೊಡಲಿ, ಅಲ್ಲಿಯವರೆಗೆ ಹಣ ಬೇಡ.

ಕಂತು ಮಾತ್ರ ಬೇಡವೇ ಬೇಡ. ಒಂದೇ ಏಟಿಗೆ ಕೊಡಲು ಆಗದಿದ್ದರೆ ಕೊಡಬೇಡಿ. ಕಂತಿಗೆ ಒಪ್ಪುವುದು ಎಂದರೆ ಮುಂದೆ ಕೊಡುತ್ತೇನೆ ಎಂದು ಬರೆದುಕೊಡುವುದು, ಅಂದರೆ ಮೇಲೆ ಹೇಳಿದ 25ನೇ ಕಲಂ. ಎರಡು ಕಂತು ಕಟ್ಟಿ ಮೂರನೆಯದಕ್ಕೆ ಕಬ್ಬಿನ ಬಿಲ್ಲು ತಡವಾದರೆ, ಮೊದಲಿದ್ದ ರಕ್ಷಣೆಯೂ ಹೋಯಿತು, ಕಟ್ಟಿದ್ದೂ ಹೋಯಿತು.

ಅವರು ನಿಜವಾಗಿಯೂ ದಾವೆ ಹಾಕಿದರೆ? ಕಾಲಮಿತಿ ಮೀರಿದ ದಾವೆಯನ್ನು ಪ್ರತಿವಾದಿ ಹೇಳದಿದ್ದರೂ ಕೋರ್ಟು ತಾನಾಗಿ ವಜಾ ಮಾಡಬೇಕು ಎಂದು ಲಿಮಿಟೇಷನ್ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಇದನ್ನು ನಂಬಿ ಮನೆಯಲ್ಲಿ ಕೂತರೆ ಕೆಡುತ್ತೀರಿ. ದಾವಾಪತ್ರದಲ್ಲಿ ನಡುವೆ ಇನ್ನಾವುದೋ ತಾರೀಖಿಗೆ ನೀವು ಒಪ್ಪಿಕೊಂಡಿರಿ ಎಂದು ಬರೆದಿದ್ದರೆ, ಅಲ್ಲಗಳೆಯುವವರು ಇಲ್ಲದ ಕೋರ್ಟಿನಲ್ಲಿ ಅದೇ ನಿಂತುಬಿಡುತ್ತದೆ. ಸಮನ್ಸು ಮುಟ್ಟಿದ ಮೂವತ್ತು ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು, ಕೋರ್ಟು ಒಪ್ಪಿದರೆ ತೊಂಬತ್ತರವರೆಗೆ. ಸಮನ್ಸಿನಲ್ಲಿ 37ನೇ ಆದೇಶ (ಬೇಗ ಮುಗಿಸುವ ಸಂಕ್ಷಿಪ್ತ ದಾವೆ) ಎಂದಿದ್ದರೆ ಹಾಜರಾಗಲು ಹತ್ತೇ ದಿನ. ವಕೀಲರ ಖರ್ಚಿಗೆ ಹೆದರಬೇಡಿ. ಜಮಖಂಡಿ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮನೆಯ ವಾರ್ಷಿಕ ಆದಾಯ ಮೂರು ಲಕ್ಷದೊಳಗಿದ್ದರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟರಿಗೆ ಆದಾಯದ ಮಿತಿಯೂ ಇಲ್ಲ. ಫೋನ್ 15100.

ಪತ್ತಿನ ಸಂಘದ ಉಳಿಕೆಯನ್ನು ಇದರ ಜೊತೆ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಒಂದೇ ಆಪರೇಷನ್‌ಗೆ ಹೋದ ಹಣವಾದರೂ ಕಾನೂನಿನಲ್ಲಿ ಅದು ಬೇರೆಯದೇ ಸಾಲ. ಸಂಘದ ವ್ಯಾಜ್ಯ ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ, 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಗೆ ಹೋಗುತ್ತದೆ. ಅಲ್ಲಿ ಮೇಲಿನ ಮೂರು ವರ್ಷದ ಲೆಕ್ಕ ಹಾಗೇ ಹೊಂದುವುದಿಲ್ಲ. "ಹತ್ತು ವರ್ಷ ಆಯ್ತು, ಅದೂ ಹೋಯ್ತು" ಎಂದುಕೊಂಡು ಕೂರಬೇಡಿ, ಜಾಮೀನು ಹಾಕಿದ ಊರವರೊಬ್ಬರು ಇರುತ್ತಾರೆ, ಕಟ್ಟದಿದ್ದರೆ ನೋಟಿಸು ಅವರ ಮನೆಗೂ ಹೋಗುತ್ತದೆ. ಸಂಘಕ್ಕೆ ಹೋಗಿ ನಿಮ್ಮ ಖಾತೆಯ ಉತಾರೆ ಕೇಳಿ, ಅಸಲು ಎಷ್ಟು, ಬಡ್ಡಿ ಎಷ್ಟು, ಸುಸ್ತಿ ಬಡ್ಡಿ ಎಷ್ಟು ಎಂದು ಬೇರೆಬೇರೆ ಬರೆಸಿಕೊಳ್ಳಿ. ಮಾರ್ಚ್ ಕೊನೆಗೆ ಲೆಕ್ಕ ಮುಗಿಸುವ ಆತುರ ಅವರಿಗೂ ಇರುತ್ತದೆ, ಸುಸ್ತಿ ಬಡ್ಡಿ ಬಿಡಿಸಿಕೊಳ್ಳಲು ಜನವರಿ–ಫೆಬ್ರುವರಿಯೇ ಸರಿಯಾದ ಹೊತ್ತು. ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ಮೊದಲು ಇಲ್ಲಿಗೆ ಹಾಕಿ.

ಹಗಲು ಒಬ್ಬರೇ ಇರುವ ಅವ್ವನಿಗೆ ಇಷ್ಟು ಹೇಳಿಡಿ. ಬಂದವರನ್ನು ಒಳಗೆ ಕರೆಯಬೇಕಿಲ್ಲ, ಕಟ್ಟೆಯ ಮೇಲೇ ನಿಂತು ಮಾತಾಡಿದರೆ ಸಾಕು. "ಮಗಾ ಬಂದ ಮ್ಯಾಲ ಬರ್ರಿ" ಎಂದರೆ ಮುಗಿಯಿತು. ಕಾಗದ ಕೊಟ್ಟರೆ ಇಸಕೊಳ್ಳಲಿ, ಯಾವುದಕ್ಕೂ ಹೆಬ್ಬೆಟ್ಟು ಒತ್ತಬಾರದು, ಹೆಬ್ಬೆಟ್ಟೂ ಸಹಿಯೇ. ಆಧಾರ್ ಕಾರ್ಡು, ಉತಾರ, ಪಾಸ್‌ಬುಕ್ಕು ತೋರಿಸಬಾರದು. ಒಬ್ಬರ ವಿಷಯದಲ್ಲಿ ಮಾತ್ರ ಇದು ಉಲ್ಟಾ: ಕೋರ್ಟಿನ ಬೇಲಿಫ್ ಮುದ್ರೆ ಇರುವ ಸಮನ್ಸು ತಂದರೆ ಹೆದರಿ ವಾಪಸ್ ಕಳಿಸಬಾರದು, ತೆಗೆದುಕೊಂಡು ಸಹಿ ಕೊಡಬೇಕು. ಬೇಡವೆಂದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಮುಟ್ಟಿದ ಹಾಗೆಯೇ ಲೆಕ್ಕ, ಮೂವತ್ತು ದಿನದ ಎಣಿಕೆ ನಿಮಗೆ ಗೊತ್ತಿಲ್ಲದೆ ಶುರುವಾಗಿರುತ್ತದೆ.